ಕಾಲು ತೊಳೆದುಕೊಂಡು ಬನ್ನಿ

ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಹಿಮ್ಮಡಿ ಉಜ್ಜುವ ಕಲ್ಲೊಂದು ಬಿದ್ದಿದೆ. ಅಂಗಡಿಗಳಲ್ಲಿ ಬಣ್ಣದ ಹಿಡಿಕೆ ಹಾಕಿ ಮಾರುತ್ತಾರಲ್ಲ, ಆ ನಾಜೂಕಿನದಲ್ಲ. ನಮ್ಮಪ್ಪ ತನ್ನ ಊರಿನ ಕೆರೆ ಏರಿಯಿಂದ ಆರಿಸಿಕೊಂಡು ಬಂದ ಒರಟು ಕಲ್ಲು. ಅದನ್ನು ಎಸೆದುಬಿಡೋಣವೆಂದು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ. ಎತ್ತಿಕೊಂಡವಳು ಅಲ್ಲೇ ಕಟ್ಟೆಯ ಮೇಲೆ ಕೂತು ಏನೇನೋ ಯೋಚಿಸುತ್ತಾ, ಒಲೆಯ ಮೇಲಿಟ್ಟ ಹಾಲನ್ನು ಉಕ್ಕಿಸಿ, ಮನೆಯವರ ಕೈಲಿ ಅನ್ನಿಸಿಕೊಂಡು, ಕಲ್ಲನ್ನು ಮತ್ತೆ ಅದೇ ಮೂಲೆಗೆ ಇಟ್ಟು ಎದ್ದು ಬಂದಿದ್ದೇನೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಹಾಲು ಹೋಯಿತು. ಆದ್ದರಿಂದ ಕಾಫಿಯಿಲ್ಲದೆ ಬರೆಯುತ್ತಿದ್ದೇನೆ, ಮಾತು ಅಲ್ಲಲ್ಲಿ ಸಿಡುಕಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಕಡೆ ಕಾಲು ತೊಳೆಯದೆ ಯಾರೂ ಎಲ್ಲಿಗೂ ಕಾಲಿಡುವುದಿಲ್ಲ. ಹೊಲದಿಂದ ಬಂದರೆ ಕಾಲಿಗೆ ನೀರು, ಸಂತೆಯಿಂದ ಬಂದರೆ ಕಾಲಿಗೆ ನೀರು, ಸಾವಿನ ಮನೆಯಿಂದ ಬಂದರಂತೂ ತಲೆಯಿಂದಲೇ ಶುರು. ನೆಂಟರು ಬಂದರೆ ‘ಚೆನ್ನಾಗಿದ್ದೀರಾ’ ಎನ್ನುವುದಕ್ಕೂ ಮುಂಚೆ ಚೊಂಬು ಹೊರಗೆ ಬರಬೇಕು. ನಾನು ಹುಟ್ಟಿ ಬೆಳೆದದ್ದು ಕೋಲಾರ ಗೋಲ್ಡ್ ಫೀಲ್ಡಿನ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ. ಒಂದೇ ಗೋಡೆಗೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಅಜ್ಜಿ ತಮಿಳಿನಲ್ಲಿ “ಕಾಲ್ ಕಳುವಿಟ್ಟು ವಾ” ಎನ್ನುತ್ತಿದ್ದಳು. ಪಕ್ಕದ ಮನೆಯವರು ತೆಲುಗಿನಲ್ಲಿ “ಕಾಳ್ಳು ಕಡುಕ್ಕೊನಿ ರಾ” ಎನ್ನುತ್ತಿದ್ದರು. ಅಪ್ಪನ ಊರಿಗೆ ಹೋದರೆ ಕನ್ನಡದಲ್ಲಿ ಅದೇ ಮಾತು. ಓದಿಕೋ ಎಂದು ನನಗೆ ಯಾರೂ ಇಷ್ಟು ಭಾಷೆಗಳಲ್ಲಿ ಹೇಳಲಿಲ್ಲ. ಹೇಳಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಆಗಿರುತ್ತಿದ್ದೆನೇನೋ.

ಅಪ್ಪ ಹಾಲಿನವನು. ಹೆಸರು ಮುನಿವೆಂಕಟಪ್ಪ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಿಂದ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಲೈನ್ ಮನೆಗಳಿಗೆ ಹಾಲು ಹಾಕುತ್ತಿದ್ದ. ಅಂಥ ಒಂದು ಮನೆಯಲ್ಲಿ ಅಮ್ಮ ಇದ್ದಳು, ಫಿಲೋಮಿನಾ. ತಮಿಳು ಮಾತಾಡುವ ಕ್ರೈಸ್ತರ ಮನೆ. ಹಾಲು ಅಳೆಯುವಾಗ ಅಪ್ಪ ಅವಳ ಪಾತ್ರೆಗೆ ಮಾತ್ರ ಕೊಸರು ಜಾಸ್ತಿ ಹಾಕುತ್ತಿದ್ದನಂತೆ. ಅಮ್ಮನ ಪ್ರಕಾರ ಆ ಕೊಸರಿನಲ್ಲಿ ನೀರೇ ಹೆಚ್ಚಿತ್ತು. ಏನೇ ಇರಲಿ, ಮದುವೆ ಆಯಿತು. ಎರಡು ಕಡೆಯವರೂ ಸ್ವಲ್ಪ ಕಾಲ ಕೂಗಾಡಿ, ನಾನು ಹುಟ್ಟಿದ ಮೇಲೆ ಸುಮ್ಮನಾದರು. ಅಮ್ಮ ಚರ್ಚು ಬಿಡಲಿಲ್ಲ, ಅಪ್ಪ ತನ್ನ ಊರ ದೇವರನ್ನು ಬಿಡಲಿಲ್ಲ. ನಾನು ಅಮ್ಮನ ಕಡೆಗೆ ಬಿದ್ದೆ. ಚರ್ಚಿನಲ್ಲಿ ಸ್ಟೆಲ್ಲಾ, ಅಪ್ಪನ ಊರಿನಲ್ಲಿ ಇಸ್ಟೆಲ್ಲಮ್ಮ. ಊಟದ ವಿಷಯದಲ್ಲಿ ಮಾತ್ರ ಯಾರ ಕಡೆಗೂ ಬೀಳದೆ, ಯುಗಾದಿಯ ಒಬ್ಬಟ್ಟನ್ನೂ ಕ್ರಿಸ್‌ಮಸ್ಸಿನ ಕೇಕನ್ನೂ ಒಂದೇ ಭಕ್ತಿಯಿಂದ ತಿಂದು ಬೆಳೆದೆ. ಆ ಭಕ್ತಿಯ ಫಲ ಇವತ್ತಿಗೂ ಸೊಂಟದ ಸುತ್ತ ಇದೆ.

ಗಣಿ ಮುಚ್ಚಿದ ಮೇಲೆ ನಾವು ಬಂಗಾರಪೇಟೆಗೆ ಬಂದೆವು. ಮನೆ ಬದಲಾಯಿತು, ಅಮ್ಮನ ಚರ್ಚು ಬದಲಾಗಲಿಲ್ಲ. ಇಲ್ಲಿ ಮನೆಗೆ ಹತ್ತಿರದಲ್ಲೇ ಚರ್ಚಿದ್ದರೂ ಅವಳಿಗೆ ಅವಳು ಹುಟ್ಟಿದ ಚರ್ಚೇ ಆಗಬೇಕು. ಭಾನುವಾರ ಬೆಳಿಗ್ಗೆ ಮೂವರೂ ಗಣಿ ಊರಿನ ಕಡೆಗೆ ಹೋಗುವ ಮಾರಿಕುಪ್ಪದ ರೈಲು ಹತ್ತುತ್ತಿದ್ದೆವು. ಅಪ್ಪ ನಮಗಿಂತ ಮೊದಲೇ ತಯಾರು. ಇಸ್ತ್ರಿ ಮಾಡಿದ ಬಿಳಿ ಶರಟು, ಅಂಚಿನ ಪಂಚೆ, ತಲೆಗೆ ಎಣ್ಣೆ. ಅವನನ್ನು ನೋಡಿದವರು ಪೂಜೆಯಲ್ಲಿ ಉಪದೇಶದ ಪ್ರಸಂಗ ಮಾಡುವವನೇ ಇವನಿರಬೇಕು ಎಂದುಕೊಳ್ಳಬೇಕು, ಹಾಗೆ. ಅಷ್ಟೆಲ್ಲ ಆಗಿ, ಚರ್ಚಿನ ಗೇಟು ದಾಟಿ ಬಂದು, ಅಂಗಳದ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದ. ಪೂಜೆ ಮುಗಿಯುವವರೆಗೆ ಅಲ್ಲೇ.

“ಒಳಗ ವಾಂಗ. ಯಾರು ಬೇಡ ಅಂದ್ರು ನಿಮಗೆ?” ಎಂದು ಅಮ್ಮ ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳುತ್ತಿದ್ದಳು.

“ನೀರ್ ಆಕಿಸ್ಕೊಂಡೋರು ಓಗೋ ಜಾಗ ಅದು. ನಾನು ಇಲ್ಲೇ ಕುಂತಿರ್ತೀನಿ. ಇಲ್ಲಿಗೂ ಚೆನ್ನಾಗೇ ಕೇಳುಸ್ತದೆ” ಎನ್ನುತ್ತಿದ್ದ ಅಪ್ಪ.

ನೀರು ಹಾಕಿಸಿಕೊಳ್ಳುವುದು ಎಂದರೆ ದೀಕ್ಷಾಸ್ನಾನ. ಅದಾಗದವರು ಒಳಗೆ ಬರಬಾರದು ಎಂದು ಯಾರೂ ಹೇಳಿರಲಿಲ್ಲ. ಯೇಸುವಿನ ಮಾತೆಯ ಹಬ್ಬಕ್ಕೆ ಸುತ್ತಮುತ್ತಲಿನ ಎಷ್ಟೋ ಹಿಂದೂ ಹೆಂಗಸರು ಸೆರಗು ಹೊದ್ದು ಬಂದು ಮೇಣದಬತ್ತಿ ಹಚ್ಚಿ, ನಮ್ಮವರಿಗಿಂತ ಜೋರಾಗಿ ಹಾಡಿಗೆ ದನಿ ಸೇರಿಸಿ ಹೋಗುತ್ತಿದ್ದರು. ಅಪ್ಪನಿಗೆ ಅದನ್ನು ತೋರಿಸಿದರೆ “ಅವರು ಹರಕೆ ಒತ್ಕೊಂಡು ಬತ್ತಾರೆ, ನಾನೇನ್ ಒತ್ಕೊಂಡಿದ್ದೀನಿ?” ಎಂದು ಬಾಯಿ ಮುಚ್ಚಿಸುತ್ತಿದ್ದ. ಆಮೇಲಾಮೇಲೆ ಅಮ್ಮ ಕರೆಯುವುದನ್ನು ಬಿಟ್ಟಳು. ಪೂಜೆ ಮುಗಿದ ಮೇಲೆ ಬಾಗಿಲ ಬಳಿಯ ಬಟ್ಟಲಿನ ತೀರ್ಥಕ್ಕೆ ಹೆಬ್ಬೆರಳು ಅದ್ದಿಕೊಂಡು, ಅಂಗಳ ದಾಟಿ ಬಂದು, ಅಪ್ಪನ ಹಣೆಗೆ ಶಿಲುಬೆ ಎಳೆಯುತ್ತಿದ್ದಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಅಷ್ಟು ದೂರ ಬರುವಷ್ಟರಲ್ಲಿ ನೀರು ಆರಿಹೋಗಿರುತ್ತಿತ್ತು. “ನನ್ನ ಪಾಲಿಗೆ ಒಣಗಿದ್ದೇ ಬರೋದು” ಎಂದು ಅಪ್ಪ ನಗುತ್ತಿದ್ದ. ಆದರೆ ಅವಳು ಬರುವುದು ಕಂಡ ಕೂಡಲೇ ತಲೆಯ ಮೇಲಿನ ಟವಲ್ಲು ತೆಗೆದು ಹಣೆಯನ್ನು ಮುಂದಕ್ಕೆ ಕೊಟ್ಟುಕೊಂಡು ಕೂತಿರುತ್ತಿದ್ದ.

ಇನ್ನು ಪವಿತ್ರ ಗುರುವಾರದ ಮಾತಿಗೆ ಬರುತ್ತೇನೆ. ಹೇಳಬೇಕೆಂದು ಹೊರಟದ್ದೇ ಅದು, ಎಲ್ಲೆಲ್ಲೋ ಹೋದೆ.

ಯೇಸು ಸಾಯುವ ಹಿಂದಿನ ಸಂಜೆ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದ. ಅದರ ನೆನಪಿಗೆ ಆ ಗುರುವಾರ ಸಂಜೆ ಫಾದರ್ ಊರಿನ ಹನ್ನೆರಡು ಮಂದಿಯನ್ನು ಬಲಿಪೀಠದ ಮುಂದೆ ಕುರ್ಚಿ ಹಾಕಿ ಕೂರಿಸಿ, ಸೊಂಟಕ್ಕೆ ಟವಲ್ಲು ಕಟ್ಟಿ, ಮಂಡಿಯೂರಿ, ಒಬ್ಬೊಬ್ಬರ ಕಾಲಿಗೂ ನೀರು ಹಾಕಿ ಒರೆಸಿ ಮುತ್ತಿಡುತ್ತಾರೆ. ದೊಡ್ಡವನು ಚಿಕ್ಕವರ ಕೊಳೆ ತೊಳೆಯಬೇಕು ಎನ್ನುವುದು ಅದರ ಅರ್ಥ. ಅರ್ಥ ಬಹಳ ಒಳ್ಳೆಯದೇ. ಆದರೆ ನಮ್ಮ ಜನ, ಹೇಳಿದೆನಲ್ಲ, ಕಾಲು ತೊಳೆಯದೆ ಎಲ್ಲಿಗೂ ಕಾಲಿಡದವರು. ಫಾದರ್ ಕೈಗೆ ಕೊಳೆ ಕಾಲು ಕೊಡುವುದುಂಟೆ?

ಹಿಂದಿನ ಭಾನುವಾರವೇ ಚರ್ಚಿನ ಉಪದೇಶಿ ಅಂತೋಣಿ ಅಂಕಲ್ ಮೈಕಿನ ಮುಂದೆ ನಿಂತು ಹೇಳುತ್ತಿದ್ದರು: “ಹನ್ನೆರಡು ಜನಾನೂ ಕಾಲು ಚೆನ್ನಾಗಿ ತೊಳ್ಕೊಂಡು ಬನ್ನಿ. ಉಗುರು ತೆಕ್ಕೊಂಡು ಬನ್ನಿ. ಹೋದ ವರ್ಷ ಫಾದರ್‌ಗೆ ಕಷ್ಟ ಆಯ್ತು. ಯಾರಿಂದ ಅಂತ ಹೆಸರು ಹೇಳಲ್ಲ.” ಅವರು ಹೆಸರು ಹೇಳದಿದ್ದರೂ ಇಡೀ ಚರ್ಚು ಒಬ್ಬರ ಕಡೆಗೇ ತಿರುಗಿ ನೋಡುತ್ತಿತ್ತು.

ಅಲ್ಲಿಂದ ಆ ಹನ್ನೆರಡು ಮನೆಗಳಲ್ಲಿ ಕಾಲಿನದೇ ಸಂಭ್ರಮ. ಬಿಸಿನೀರಿನಲ್ಲಿ ನೆನೆಸುವುದೇನು, ಬ್ರಷ್ಷು ಹಾಕುವುದೇನು, ಕೊಬ್ಬರಿ ಎಣ್ಣೆ ಏನು. ಒಬ್ಬರು ಪೌಡರ್ ಹಾಕಿಕೊಂಡು ಬಂದಿದ್ದರು. ನೀರು ಬಿದ್ದ ಕೂಡಲೇ ಅದು ಕಲಸಿದ ಮೈದಾ ಹಿಟ್ಟಿನ ಹಾಗೆ ಬೆರಳ ಸಂದಿಯಲ್ಲಿ ನಿಂತಿತು. ಇನ್ನೊಬ್ಬರಿಗೆ ಕಚಗುಳಿ ಜಾಸ್ತಿ. ಫಾದರ್ ಪಾದ ಮುಟ್ಟುತ್ತಲೇ ಕಿಸಕ್ಕೆಂದು ನಕ್ಕು, ಆಮೇಲೆ ವರ್ಷವೆಲ್ಲ ಹೆಂಡತಿಯ ಕೈಲಿ ಬೈಸಿಕೊಂಡರು. ಹೆಂಗಸರನ್ನೂ ಕೂರಿಸಬಹುದು ಎಂದಾದ ಮೇಲೆ ಒಮ್ಮೆ ನನ್ನ ಸರದಿಯೂ ಬಂತು. ಮನೆಯಲ್ಲಿ ಸೋಪು ಹಾಕಿ ತಿಕ್ಕಿಕೊಂಡು ಹೊರಟೆ. ಊರುಗಾಂವ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಚಿನ್ನ ತೆಗೆದು ಉಳಿದ ಪುಡಿಮಣ್ಣು ಸುರಿದ ಗಣಿಯ ಹಳೆಯ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದು, ಹಿಟ್ಟಿನಂಥ ಧೂಳು ಕಾಲಿಗೆಲ್ಲ ಮೆತ್ತಿತು. ಚರ್ಚಿನ ಹಿತ್ತಲ ನಲ್ಲಿಯಲ್ಲಿ ಮತ್ತೆ ತೊಳೆದುಕೊಂಡೆ. ಬಲಿಪೀಠದವರೆಗೆ ಬರಿಗಾಲಲ್ಲಿ ನಡೆದರೆ ಪಾದದಡಿ ಕಪ್ಪಾಗಬಹುದೆಂದು ಬೆರಳ ತುದಿಯ ಮೇಲೆ ಹೋದೆ. ಕೊನೆಗೆ ಫಾದರ್ ನೀರು ಹಾಕಿದಾಗ ತಟ್ಟೆಗೆ ಬಿದ್ದ ನೀರು ಹಾಕಿದಷ್ಟೇ ತಿಳಿಯಾಗಿತ್ತು. ಅದನ್ನು ಕಂಡು ನನಗೆ ಹೆಮ್ಮೆಯಾಯಿತು! ಇಂಥ ಹೆಮ್ಮೆಗೆ ಏನೆನ್ನಬೇಕೋ ನೀವೇ ಹೇಳಿ.

ಅಮ್ಮ ತೀರಿಕೊಂಡಳು. ಅವಳನ್ನು ಅವಳ ಚರ್ಚಿನ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಆಮೇಲೆ ಅಪ್ಪ ಇನ್ನು ಬರಲಾರ ಎಂದುಕೊಂಡಿದ್ದೆ. ಮುಂದಿನ ಭಾನುವಾರ ನಾನು ಎದ್ದಾಗ ಅವನು ಬಿಳಿ ಶರಟು ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ. ರೈಲಿನಲ್ಲಿ ಅಮ್ಮ ಕೂರುತ್ತಿದ್ದ ಕಿಟಕಿಯ ಪಕ್ಕ ಕೂರಲಿಲ್ಲ, ಬೇರೆಯವರನ್ನೂ ಕೂರಲು ಬಿಡಲಿಲ್ಲ, ಅಲ್ಲಿ ಟವಲ್ಲು ಹಾಕಿದ. ಚರ್ಚಿಗೆ ಬಂದು ಹೊಂಗೆ ಮರದ ಕೆಳಗೆ ಕೂತ. ಪೂಜೆ ಮುಗಿಸಿ ಹೊರಗೆ ಬಂದಾಗ ನೋಡುತ್ತೇನೆ, ತಲೆಯ ಮೇಲಿನ ಟವಲ್ಲು ತೆಗೆದು ಬಾಗಿಲ ಕಡೆಗೇ ನೋಡುತ್ತಿದ್ದಾನೆ. ನಾನು ವಾಪಸ್ಸು ಒಳಗೆ ಹೋಗಿ ತೀರ್ಥಕ್ಕೆ ಬೆರಳು ಅದ್ದಿಕೊಂಡು ಬಂದೆ.

ಆ ವರ್ಷವೇ ಹೊಸ ಫಾದರ್ ಬಂದರು. ಕೊಳ್ಳೇಗಾಲದ ಕಡೆಯವರು, ಚಿಕ್ಕ ವಯಸ್ಸು. ತಮಿಳು ಪ್ರಾರ್ಥನೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದುತ್ತಿದ್ದರು. ನಮ್ಮ ಹಿರಿಯರು ಅವರ ಉಚ್ಚಾರಕ್ಕೆ ಮೂಗು ಮುರಿದು, ಅವರ ನಗುಮುಖಕ್ಕೆ ಸೋತು ಸುಮ್ಮನಾದರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವರು ನೇರ ಹೊಂಗೆ ಮರದ ಹತ್ತಿರ ಬಂದು ಅಪ್ಪನ ಪಕ್ಕದಲ್ಲಿ ಕೂತರು. ನಾನು ಅಲ್ಲೇ ನಿಂತಿದ್ದೆ.

“ತಾತ, ಬರೋ ಗುರುವಾರ ಹನ್ನೆರಡು ಜನರಲ್ಲಿ ನೀವೂ ಒಬ್ಬರು ಕೂರಬೇಕು” ಎಂದರು.

ಅಪ್ಪ ಸುತ್ತ ನೋಡಿದ, ಬೇರೆ ಯಾವುದಾದರೂ ತಾತನಿಗೆ ಹೇಳಿದರೇನೋ ಎಂಬ ಹಾಗೆ. “ನಾನಾ? ನಾನು ನಿಮ್ಮೋನಲ್ಲ ಸ್ವಾಮಿ. ಇವಳಮ್ಮ ನಿಮ್ಮೋಳು. ನಾನು ಬರೀ ಜೊತೆಗೆ ಬರೋನು.”

“ಗೊತ್ತು ತಾತ. ನಮ್ಮವರ ಕಾಲು ಮಾತ್ರ ತೊಳಿ ಅಂತ ನನಗೆ ಯಾರೂ ಹೇಳಿಲ್ಲ. ಆವತ್ತು ಊಟಕ್ಕೆ ಕೂತ ಹನ್ನೆರಡು ಜನರಲ್ಲಿ ಒಬ್ಬ ಆ ರಾತ್ರಿಯೇ ಆತನನ್ನ ಹಿಡಿದುಕೊಡಲಿಕ್ಕೆ ಹೊರಟಿದ್ದ. ಅದು ಗೊತ್ತಿದ್ದೂ ಆತ ಅವನ ಕಾಲನ್ನೂ ತೊಳೆದ. ನಿಮ್ಮದು ಅದಕ್ಕಿಂತ ಕಡೆಯಾ?”

ಅಪ್ಪ ತನ್ನ ಪಾದಗಳನ್ನು ನೋಡಿಕೊಂಡ. ಸಗಣಿ, ಗಂಜಲ, ಕೆಸರಲ್ಲಿ ನಿಂತು ನಿಂತು ಹಿಮ್ಮಡಿಗಳು ಬೇಸಿಗೆಯ ಕೆರೆಯಂಗಳದ ಹಾಗೆ ಒಡೆದುಹೋಗಿದ್ದವು. “ಒಳೀಕ್ ಬರ್ಬೇಕಲ್ಲ ಅದಕ್ಕೆ?” ಎಂದು ಕೇಳಿದ.

“ಬರಬೇಕು. ಮುಂದೇನೇ ಕೂರಬೇಕು.”

“ಅವಳಿದ್ದಿದ್ರೆ ಎಲ್ಲಿ ಕೂರ್ತಿದ್ಳು?” ಎಂದು ಅಪ್ಪ ನನ್ನ ಕಡೆ ತಿರುಗಿದ. ಅಮ್ಮ ಎಡಗಡೆಯ ಸಾಲಿನಲ್ಲಿ, ಮುಂದಿನಿಂದ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಹೇಳಿದೆ. “ಅಂಗಾದ್ರೆ ಅಲ್ಲಿಂದ ಕಾಣುಸ್ತದೆ” ಎಂದ. ಹಾಗೆಂದರೆ ಒಪ್ಪಿದ ಎಂದು ಅರ್ಥ. ಅಮ್ಮ ಅಷ್ಟು ವರ್ಷ ಕರೆದು ಕರೆದು ಸೋತದ್ದನ್ನು ಈ ಕೊಳ್ಳೇಗಾಲದ ಹುಡುಗ ಬೆಂಚಿನ ಮೇಲೆ ಕೂತು ಗೆದ್ದುಬಿಟ್ಟರು. ಅವಳಿಗೆ ಹೇಳಲು ಅವಳಿಲ್ಲ.

ಅಂತೋಣಿ ಅಂಕಲ್ ಆ ಭಾನುವಾರವೂ ಎಂದಿನಂತೆ ಕಾಲು ತೊಳೆದುಕೊಂಡು ಬನ್ನಿ ಎಂದು ಮೈಕಿನಲ್ಲಿ ಹೇಳಿದ್ದರು. ಹೊರಗಿನ ಬೆಂಚಿಗೂ ಚೆನ್ನಾಗೇ ಕೇಳಿಸಿತ್ತು.

ಅಪ್ಪ ಅವತ್ತೇ ಊರಿಗೆ ಹೋಗಿ ಕಲ್ಲು ತಂದ. ಆಮೇಲೆ ಬೆಳಿಗ್ಗೆ ಸಂಜೆ ಬಚ್ಚಲ ಕಟ್ಟೆಯ ಮೇಲೆ ಕೂತು ಹಿಮ್ಮಡಿ ಉಜ್ಜುವುದೇ ಕೆಲಸ. ಮದುವೆ ಗಂಡಿಗೂ ಅಷ್ಟು ಉಪಚಾರ ನಡೆದಿರಲಾರದು. “ಸಾಕು ಎದ್ದೇಳಪ್ಪ, ಕಾಲೇ ಸವೆದುಹೋಗುತ್ತೆ” ಎಂದರೆ “ಸುಮ್ಕಿರು ಅಮ್ಮಣ್ಣಿ. ಫಾದ್ರು ಮುತ್ತು ಕೊಡ್ತಾರಂತೆ ಅದಕ್ಕೆ. ಎಮ್ಮೆ ಕಾಲ್ ಇದ್ದಂಗಿದ್ರೆ ಏನಂದ್ಕೊಂಡಾರು” ಎನ್ನುತ್ತಿದ್ದ. ನಾವೂ ನಗುತ್ತಿದ್ದೆವು. ಬುಧವಾರ ಬಜಾರಿಗೆ ಹೋಗಿ ಕಾಲುಚೀಲ ಕೊಂಡು ತಂದ. ಹುಟ್ಟಿದಾಗಿನಿಂದ ಕಾಲುಚೀಲ ಕಂಡವನಲ್ಲ. ಧೂಳು ತಾಗದಿರಲಿ ಎಂದು ಹಾಕಿಕೊಂಡಿದ್ದಾನೆ ಎಂದುಕೊಂಡೆ. ಆ ಬೇಸಿಗೆಯಲ್ಲಿ, ಪಂಚೆಯ ಕೆಳಗೆ, ನೀಲಿ ಕಾಲುಚೀಲ. ಮನೆಯವರು “ಮಾವ, ಬೂಟು ಯಾವಾಗ?” ಎಂದು ಕೇಳಿ ನಕ್ಕರು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಆ ಕಾಯಿಲೆ ಹಳೆಯದಾದರೆ ಪಾದಕ್ಕೆ ನೋವು ತಿಳಿಯುವುದಿಲ್ಲ, ಗೊತ್ತಿರಬಹುದು ನಿಮಗೆ. ನಮಗೂ ಗೊತ್ತಿತ್ತು. ಆದರೆ ಕೆಲವು ಸಂಗತಿಗಳು ಗೊತ್ತಿದ್ದೂ ಬೇಕಾದ ಹೊತ್ತಿಗೆ ನೆನಪಿಗೆ ಬರುವುದಿಲ್ಲ.

ಗುರುವಾರ ಮಧ್ಯಾಹ್ನ ಸ್ಟೇಷನ್ನಿಗೆ ಹೊರಟೆವು. ದಾರಿಯಲ್ಲಿ ಅಪ್ಪ ಸ್ವಲ್ಪ ಎಳೆದೆಳೆದು ನಡೆಯುತ್ತಿದ್ದ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ನೋಡಿದರೆ, ಬಲಗಾಲಿನ ನೀಲಿ ಚೀಲ ಹಿಮ್ಮಡಿಯ ಹತ್ತಿರ ಕಪ್ಪಗೆ ಒದ್ದೆಯಾಗಿತ್ತು. ತೆಗೆ ಎಂದೆ. ಬೇಡ ಎಂದ. ಗದರಿಸಿ ತೆಗೆಸಿದೆ. ಹಿಮ್ಮಡಿ ಅಷ್ಟಗಲ ಕಿತ್ತುಹೋಗಿತ್ತು. ಮೇಲೆ ಅರಿಶಿನ ಮೆತ್ತಿ, ಅದು ರಕ್ತ ಕೀವುಗಳ ಜೊತೆ ಕಲಸಿಕೊಂಡು, ವಾಸನೆ ಬರುತ್ತಿತ್ತು. ಉಜ್ಜಿ ಉಜ್ಜಿ ತಾನೇ ಮಾಡಿಕೊಂಡಿದ್ದ. ನೋವಿಲ್ಲದ್ದರಿಂದ ತಿಳಿದಿರಲಿಲ್ಲ, ತಿಳಿದ ಮೇಲೆ ಮುಚ್ಚಿಟ್ಟಿದ್ದ.

“ಯಾಕಪ್ಪ ಹೇಳಲಿಲ್ಲ?”

“ಏಳಿದ್ರೆ ನೀನು ಬುಡ್ತಾ ಇರ್ಲಿಲ್ಲ. ಎಂಗೋ ಓಗಿ ಕುಂತು ಬಂದ್ಬುಡೋಣ ಅಂತಿದ್ದೆ.” ಪಾದವನ್ನೇ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ, “ಆಗಲ್ಲ ಬುಡು. ನಾರ್ತಾ ಅದೆ. ಇಂಥ ಕಾಲ ಅವರ ಕೈಗೆ ಕೊಡಕಾಯ್ತದಾ?” ಎಂದ.

ನಾನು ಫಾದರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಹಾಗೇ ಕರ್ಕೊಂಡು ಬನ್ನಿ. ಪೂಜೆ ಮುಗಿದ ಕೂಡಲೇ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಆದರೆ ಮೊದಲು ಬರಲಿ, ಹಾಗೇ ಬರಲಿ” ಎಂದರು. ಫೋನನ್ನು ಅಪ್ಪನ ಕಿವಿಗೆ ಹಿಡಿದೆ. ಅಪ್ಪ “ಸ್ವಾಮಿ... ಆಗಲಿ ಸ್ವಾಮಿ... ಅಂಗೇ ಸ್ವಾಮಿ” ಎಂದೆಲ್ಲ ಅಂದ. ಫೋನು ನನ್ನ ಕೈಗೆ ಕೊಟ್ಟ. ಮಾರಿಕುಪ್ಪದ ರೈಲು ಬಂದು ನಿಂತಿತು. ಅಪ್ಪ ಏಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಲು ನೋಡಿದೆ. ಬೆಂಚಿನ ಕಬ್ಬಿಣದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮಗುವಿನ ಹಾಗೆ ತಲೆಯಲ್ಲಾಡಿಸಿದ. ರೈಲು ಹೊರಟುಹೋಯಿತು. ನಾವು ಆಟೋ ಹಿಡಿದು ಡಾಕ್ಟರ ಹತ್ತಿರ ಹೋದೆವು.

ಆ ಸಂಜೆ ಚರ್ಚಿನಲ್ಲಿ ಹನ್ನೊಂದು ಜನರ ಕಾಲು ತೊಳೆದರಂತೆ. ಖಾಲಿ ಕುರ್ಚಿಗೆ ಬೇರೆ ಯಾರನ್ನಾದರೂ ಕೂರಿಸೋಣವೆಂದು ಅಂತೋಣಿ ಅಂಕಲ್ ಎದ್ದಾಗ ಫಾದರ್ ಬೇಡವೆಂದರಂತೆ.

ಗಾಯ ವಾಸಿಯಾಗಲಿಲ್ಲ. ಒಂದಷ್ಟು ಒಣಗುವುದು, ಮತ್ತೆ ಬಾಯಿ ಬಿಡುವುದು. ಡ್ರೆಸ್ಸಿಂಗಿಗೆ ಹೋಗಿ ಬರುವುದೇ ಅಪ್ಪನ ತಿರುಗಾಟವಾಯಿತು. ಚರ್ಚಿಗೆ ಹೋಗುವುದು ನಿಂತಿತು. ಹೊಂಗೆ ಮರದವರೆಗೂ ನಡೆಯಲಾರ ಎನ್ನುವುದು ಒಂದು ಕಾರಣ. ಮುಖ ತೋರಿಸಲು ನಾಚಿಕೆ ಎನ್ನುವುದು ಇನ್ನೊಂದು, ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಹೊಟ್ಟೆಯುರಿಯುವುದು ಇಲ್ಲೇ. ಕರುಣೆ ಎಲ್ಲರಿಗೂ ತೆರೆದಿದೆ, ಯಾರು ಹೇಗಿದ್ದಾರೋ ಹಾಗೇ ಬನ್ನಿ ಎಂದು ಒಳಗೆ ಪ್ರಸಂಗ ಮಾಡುತ್ತೇವೆ. ಬಾಗಿಲ ಹೊರಗೆ ಸೋಪಿನ ಡಬ್ಬಿ ಇಟ್ಟಿರುತ್ತೇವೆ. ಯಾರದೂ ಕೆಟ್ಟ ಮನಸ್ಸಲ್ಲ. ಅಂತೋಣಿ ಅಂಕಲ್ಲಿನಷ್ಟು ಒಳ್ಳೆಯ ಮನುಷ್ಯ ಸಿಕ್ಕುವುದು ಕಷ್ಟ, ಅಪ್ಪನ ಗಾಯದ ವಿಷಯ ತಿಳಿದು ಅವರು ಅತ್ತುಬಿಟ್ಟರು. ಮರ್ಯಾದೆ ಕಲಿತ ಜನ ನಾವು. ತೊಳೆಯುವವನ ಮುಂದೆ ಕೂರುವುದಕ್ಕೂ ತೊಳೆದುಕೊಂಡೇ ಹೋಗುವಷ್ಟು ಮರ್ಯಾದೆ.

ಒಂದು ಮಧ್ಯಾಹ್ನ ಫಾದರ್ ಬಂಗಾರಪೇಟೆಯ ನಮ್ಮ ಮನೆಗೇ ಬಂದರು. ಕೈಯಲ್ಲೊಂದು ಚೀಲ. ಅಪ್ಪ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಆಕಳ ಬೆಲೆ, ಹಾಲಿನ ಡೇರಿ, ಕೊಳ್ಳೇಗಾಲದ ಕಡೆಯ ರಾಗಿ ಎಂದು ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಕಾಫಿ ತಂದಿಟ್ಟೆ. ಕಾಫಿ ಕುಡಿದು ಲೋಟ ಕೆಳಗಿಟ್ಟು ಫಾದರ್ ಚೀಲದಿಂದ ಬಿಳಿ ಟವಲ್ಲೊಂದನ್ನು ತೆಗೆದರು. “ಅಮ್ಮ, ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಕೊಡ್ತೀರಾ?” ಎಂದರು.

ಅಪ್ಪನಿಗೆ ಅರ್ಥವಾಯಿತು. ಚಾಚಿದ್ದ ಕಾಲುಗಳನ್ನು ಎಳೆದುಕೊಂಡು, ಮಡಚಿ, ಮೇಲೆ ಪಂಚೆ ಮುಚ್ಚಿದ.

“ಬ್ಯಾಡ ಸ್ವಾಮಿ.”

“ಗುರುವಾರ ಅಲ್ಲದಿದ್ದರೂ ಆಗುತ್ತೆ ತಾತ. ಗಾಯ ಬಿಟ್ಟು ಮುಂದಿನ ಪಾದಕ್ಕೆ ಹಾಕ್ತೀನಿ.”

“ವಾಸಿ ಆಗ್ಲಿ. ಬರೋ ವರ್ಸ ನಾನೇ ಬತ್ತೀನಿ. ಅಲ್ಲೇ, ಅವಳು ಕುಂತ್ಕೋತಿದ್ದ ಕಡೇಗೆ ಕಾಣೋ ಅಂಗೆ.”

“ವಾಸಿ ಆಗಲಿ ಅಂತ ಕಾಯಬೇಡಿ ತಾತ.”

“ಬತ್ತೀನಿ ಸ್ವಾಮಿ. ಚೆನ್ನಾಗಿ ಆಗ್ಲಿ, ಬತ್ತೀನಿ.”

ನೀರಿನ ಬೋಗುಣಿ ಹಿಡಿದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಫಾದರ್ ಟವಲ್ಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬಲವಂತ ಮಾಡಲಿಲ್ಲ. ಬಲವಂತ ಮಾಡಬೇಕಿತ್ತೋ ಏನೋ ಎಂದು ಆಮೇಲೆ ಒಂದು ಸಲ ನನ್ನ ಹತ್ತಿರ ಅಂದರು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಪಂಚೆಯ ಕೆಳಗೆ ಮುಚ್ಚಿಟ್ಟುಕೊಂಡ ಮುದುಕನ ಕಾಲನ್ನು ಯಾರು ತಾನೇ ಹೇಗೆ ಎಳೆದಾರು?

ದೀಪಾವಳಿ ಕಳೆದ ಮೇಲೆ ಅಪ್ಪ ಹೋಗಿಬಿಟ್ಟ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಕಾಫಿಗೆ ಏಳಲಿಲ್ಲ. ಅವನು ಬದುಕಿರುವಾಗಲೇ ಹೇಳಿದ್ದಂತೆ ಊರಿಗೆ ಒಯ್ದೆವು, ಅವನ ಹೊಲದ ಬದಿಗೆ ಮಣ್ಣು ಮಾಡಲಿಕ್ಕೆ. ಅಮ್ಮ ಅಲ್ಲಿ, ಅವನು ಇಲ್ಲಿ. ಅದೂ ಒಂದು ಕೊರಗು ನನಗೆ.

ನಮ್ಮ ಕಡೆ ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವಾಗ ಬಂಧುಗಳೆಲ್ಲ ಒಂದೊಂದು ಚೊಂಬು ನೀರು ಹಾಕುತ್ತಾರೆ. ಅಪ್ಪನನ್ನು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಬೀಳದಂತೆ ಹಿಂದಿನಿಂದ ಇಬ್ಬರು ಹಿಡಿದುಕೊಂಡಿದ್ದರು. ಒಬ್ಬೊಬ್ಬರೇ ಬಂದು ತಲೆಯ ಮೇಲೆ ನೀರು ಹಾಕಿ ಸರಿಯುತ್ತಿದ್ದರು. ಫಾದರ್ ಬಂದಿದ್ದರು. ಬಿಳಿ ನಿಲುವಂಗಿಯಲ್ಲಿ, ದನದ ಕೊಟ್ಟಿಗೆಯ ಪಕ್ಕ, ಎಲ್ಲರಿಂದ ದೂರ ನಿಂತಿದ್ದರು. ಒಳಗೆ ಬರಬಹುದೋ ಬಾರದೋ ಎಂದು ತಿಳಿಯದವರ ಹಾಗೆ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಅವರನ್ನು ನೋಡಿದ. ಆ ಚಿಕ್ಕಪ್ಪ ಚರ್ಚಿನ ಮೆಟ್ಟಿಲು ತುಳಿದವನಲ್ಲ.

“ಅಲ್ಲ್ಯಾಕ್ ನಿಂತ್ಕೊಂಡ್ರಿ ಸ್ವಾಮಿ, ಬನ್ನಿ. ನೀವೂ ಒಂದ್ ಚೊಂಬು ಆಕಿ. ವಾರವಾರಕ್ಕೂ ನಿಮ್ ತಾವ ಬತ್ತಾ ಇದ್ದೋನಲ್ಲವಾ” ಎಂದು ಚೊಂಬು ತುಂಬಿ ಕೈಗೆ ಕೊಟ್ಟ.

ಫಾದರ್ ಚೊಂಬು ತೆಗೆದುಕೊಂಡು ಮುಂದೆ ಬಂದರು. ತಲೆಯ ಮೇಲೆ ಹಾಕಲಿಲ್ಲ. ಅಂಗಳದ ಕೆಸರಿನಲ್ಲಿ ನಿಲುವಂಗಿ ಸಮೇತ ಮಂಡಿಯೂರಿದರು. ಬಲಗಾಲಿನ ಬ್ಯಾಂಡೇಜನ್ನು ಸುತ್ತು ಸುತ್ತಾಗಿ ಬಿಚ್ಚಿ ಪಕ್ಕಕ್ಕಿಟ್ಟರು. ಗಾಯ ಹಾಗೇ ಇತ್ತು, ವಾಸಿಯಾಗಿರಲಿಲ್ಲ. ಒಂದು ಕೈಯಲ್ಲಿ ಪಾದವನ್ನು ಎತ್ತಿ ಹಿಡಿದು ಇನ್ನೊಂದು ಕೈಯಿಂದ ನಿಧಾನವಾಗಿ ನೀರು ಹಾಕಿದರು.

ನಾನು ಅಪ್ಪನ ಕಾಲನ್ನೇ ನೋಡುತ್ತಿದ್ದೆ. ಈಗ ಎಳೆದುಕೊಳ್ಳುತ್ತಾನೆ, ಈಗ ಮಡಚಿಕೊಳ್ಳುತ್ತಾನೆ ಎಂದು ಕಾದೆ. ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.